ಬಡಾವಣೆಯ ಯಕ್ಷಗಾನ, ಬಡಾವಣೆಯ ಸಂಪಾದನೆ: ಮುಂಬೈಯ ಸಣ್ಣ ಸಂಘಗಳಿಗೊಂದು ಕೈಪಿಡಿ

ಪ್ರದರ್ಶನ ಮುಗಿದ ಮರುದಿನ ಕೋಶಾಧಿಕಾರಿಯ ಬಳಿ ಕುಳಿತು ರಸೀದಿಗಳನ್ನು ಒಂದೊಂದಾಗಿ ನೋಡುವ ಅಭ್ಯಾಸ ನಮ್ಮ ಸಂಘಗಳಲ್ಲಿ ಕಡಿಮೆ. ಖರ್ಚಿಗೆ ಸರಿಯಾಗಿ ದೇಣಿಗೆ ಬಂದಿದೆಯೇ ಎಂದು ನೋಡುತ್ತೇವೆಯೇ ಹೊರತು, ಖರ್ಚಾದ ಹಣ ಯಾರ ಕೈ ಸೇರಿತು ಎಂದು ಕೇಳುವುದಿಲ್ಲ. ಡೊಂಬಿವಲಿಯ ಒಂದು ಚಿಕ್ಕ ಸಂಘದಲ್ಲಿ ಹಲವು ವರ್ಷ ಕಾರ್ಯದರ್ಶಿಯಾಗಿ ದುಡಿದ ನಾನು ಈ ಎರಡನೆಯ ಪ್ರಶ್ನೆಯನ್ನು ಕೇಳಲು ತೀರ ತಡಮಾಡಿದೆ. ಕಲೆಯಿಂದ ಒಂದು ಸಮುದಾಯದ ಆರ್ಥಿಕ ಸ್ಥಿತಿ ಸುಧಾರಿಸುತ್ತದೆಯೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಆ ಪ್ರಶ್ನೆಯಲ್ಲೇ ಎಂದು ಈಗ ನನಗೆ ದೃಢವಾಗಿದೆ. ಆದ್ದರಿಂದ ಈ ಬರಹವನ್ನು ಲೆಕ್ಕದಿಂದಲೇ ಆರಂಭಿಸುತ್ತೇನೆ.

ಮುಂಬೈ ಕನ್ನಡಿಗರ ಸಂಘಟನೆಯ ಬೇರು ಆಳವಾಗಿದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿತು. ಕರ್ನಾಟಕ ಸಂಘ 1933ರಲ್ಲಿ. ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತು, ಮುಂದೆ ತಾವೇ ಹೋಟೆಲು ಕಟ್ಟಿದ ತಲೆಮಾರು ಈ ನಗರದಲ್ಲಿ ತಾಳಮದ್ದಳೆ, ನಾಟಕ, ಭಜನೆಗಳನ್ನು ಉಳಿಸಿತು. ಅವರ ದಾನದಿಂದಲೇ ನಮ್ಮ ರಂಗಸ್ಥಳಗಳಲ್ಲಿ ದೀಪ ಉರಿದಿದೆ. ಆ ಋಣವನ್ನು ಮರೆಯುವಂತಿಲ್ಲ. ಆದರೆ ದಾನಿಯೊಬ್ಬರು ಕೊಟ್ಟ ಹಣ ಒಂದೇ ಸಂಜೆಯಲ್ಲಿ ಬಡಾವಣೆಯ ಹೊರಗೆ ಹರಿದುಹೋದರೆ, ಮುಂದಿನ ವರ್ಷ ಮತ್ತೆ ಅವರ ಬಾಗಿಲಿಗೇ ಹೋಗಬೇಕಾಗುತ್ತದೆ. ಅದೇ ಹಣ ಬಡಾವಣೆಯ ದರ್ಜಿ, ಮದ್ದಳೆಗಾರ, ಹೂ ಕಟ್ಟುವಾಕೆ, ಅಡುಗೆಯವರು ಇವರ ಕೈಗಳಲ್ಲಿ ಒಂದು ಸುತ್ತು ತಿರುಗಿದರೆ, ಅವರು ಅದನ್ನು ಪಕ್ಕದ ಕಿರಾಣಿ ಅಂಗಡಿಯಲ್ಲೋ ಮಕ್ಕಳ ಶಾಲೆಯ ಶುಲ್ಕದಲ್ಲೋ ಖರ್ಚು ಮಾಡುತ್ತಾರೆ. ಒಂದು ರೂಪಾಯಿ ಎರಡು ಮೂರು ಮನೆಗಳ ಕೆಲಸ ಮಾಡುತ್ತದೆ.

ಮೊದಲ ಹೆಜ್ಜೆ: ಹಣದ ಜಾಡು ಹಿಡಿಯಿರಿ

ಕಳೆದ ವರ್ಷದ ಒಂದು ಪ್ರದರ್ಶನದ ಎಲ್ಲ ರಸೀದಿಗಳನ್ನು ಮುಂದಿಟ್ಟುಕೊಳ್ಳಿ. ಪ್ರತಿಯೊಂದು ಖರ್ಚಿನ ಎದುರು, ಹಣ ಪಡೆದವರು ನಿಮ್ಮ ಸಮುದಾಯದೊಳಗಿನವರೋ, ನಿಮ್ಮ ಬಡಾವಣೆಯವರೋ, ಹೊರಗಿನವರೋ ಎಂದು ಬರೆಯಿರಿ. ವಿಷಯ ಸ್ಪಷ್ಟವಾಗಲೆಂದು ನಾನೇ ಕಲ್ಪಿಸಿದ ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಮೂರು ಗಂಟೆಯ ಕಾಲಮಿತಿ ಯಕ್ಷಗಾನಕ್ಕೆ ಒಟ್ಟು 80,000 ರೂಪಾಯಿ ಖರ್ಚಾಯಿತೆನ್ನೋಣ. ಹಿಮ್ಮೇಳ (ಹಾಡು, ವಾದ್ಯದವರು) ಮತ್ತು ಮುಮ್ಮೇಳದ (ವೇಷಧಾರಿಗಳ) ಸಂಭಾವನೆ 32,000, ವೇಷಭೂಷಣ ಮತ್ತು ಬಣ್ಣಗಾರಿಕೆ 12,000, ಸಭಾಗೃಹದ ಬಾಡಿಗೆ 15,000, ಧ್ವನಿ ಮತ್ತು ಬೆಳಕು 8,000, ಊಟ ಉಪಾಹಾರ 6,000, ಮುದ್ರಣ ಮತ್ತು ಪ್ರಚಾರ 3,000, ಹೂವು ಹಾಗೂ ಅಲಂಕಾರ 2,000, ಪ್ರಯಾಣ 2,000. ಕಲಾವಿದರೂ ವೇಷಭೂಷಣವೂ ಕರಾವಳಿಯ ಊರಿನಿಂದ ಬಂದು, ಧ್ವನಿವರ್ಧಕದವರು ದೂರದ ಉಪನಗರದವರಾಗಿದ್ದರೆ, ಬಡಾವಣೆಯಲ್ಲಿ ಉಳಿಯುವುದು ಊಟ ಮತ್ತು ಹೂವಿನ 8,000 ಮಾತ್ರ. ಪ್ರೇಕ್ಷಕರು ತುಂಬಿದ್ದರು, ಚಪ್ಪಾಳೆಯೂ ಬಿತ್ತು. ಆದರೆ ಹತ್ತರಲ್ಲಿ ಒಂಬತ್ತು ಪಾಲು ಹಣ ಹೊರಗೆ ಹೋಯಿತು.

ಇದೇ ಲೆಕ್ಕದಲ್ಲಿ ವೇಷಭೂಷಣವನ್ನು ಸ್ಥಳೀಯವಾಗಿ ಹೊಲಿಸಿ ನಿರ್ವಹಿಸಿದರೆ 12,000, ಕಲಾವಿದರಲ್ಲಿ ಅರ್ಧದಷ್ಟು ಮಂದಿ ಇಲ್ಲೇ ತರಬೇತಿ ಪಡೆದವರಾದರೆ 16,000, ಧ್ವನಿ ಬೆಳಕಿನ ಕೆಲಸವನ್ನು ಬಡಾವಣೆಯ ತರುಣರು ಕಲಿತು ವಹಿಸಿಕೊಂಡರೆ 8,000 ಇಲ್ಲಿಯೇ ಉಳಿಯುತ್ತದೆ. 8,000 ಇದ್ದದ್ದು 44,000 ಆಗುತ್ತದೆ. ಪ್ರದರ್ಶನ ದೊಡ್ಡದಾಗಲಿಲ್ಲ, ದಾನಿಗಳು ಹೆಚ್ಚಲಿಲ್ಲ. ಹಣದ ದಾರಿ ಮಾತ್ರ ಬದಲಾಯಿತು. ಊರಿನ ಮೇಳದ, ಅಂದರೆ ವೃತ್ತಿಪರ ತಂಡದ, ಕಲಾವಿದರನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಅವರೇ ನಮ್ಮ ಗುರುಗಳು, ಕಲೆಯ ಮಟ್ಟವನ್ನು ಕಾಯುವವರು. ಅವರ ಪಕ್ಕದಲ್ಲಿ ನಿಂತು ಕುಣಿದಾಗಲೇ ನಮ್ಮ ಮಕ್ಕಳು ಬೆಳೆಯುತ್ತಾರೆ. ಅರ್ಧ ಅವರು, ಅರ್ಧ ಇವರು ಎಂಬ ಪ್ರಮಾಣವೇ ನನಗೆ ಯೋಗ್ಯವೆಂದು ಕಂಡಿದೆ.

ಕಲಾವಿದರಿಗೆ ಮೊದಲು ಕೂಲಿ, ಆಮೇಲೆ ಶಾಲು

ನಮ್ಮ ಸಂಘದಲ್ಲಿ ಒಮ್ಮೆ ಚೆಂಡೆವಾದಕರೊಬ್ಬರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಹಾರ, ಫಲಪುಷ್ಪ, ಸ್ಮರಣಿಕೆ ಕೊಟ್ಟು ಸನ್ಮಾನಿಸಿದೆವು. ಅವರು ಒಂದು ಕ್ಯಾಂಟೀನಿನಲ್ಲಿ ರಾತ್ರಿ ಪಾಳಿಯ ಕೆಲಸಗಾರರು. ಆ ರಾತ್ರಿಯ ಪಾಳಿಯನ್ನು ಬಿಟ್ಟು ಬಂದಿದ್ದರಿಂದ ಅವರ ಸಂಬಳ ಕಡಿತವಾಗಿತ್ತೆಂಬುದು ನಮಗೆ ತಿಳಿದದ್ದು ಎರಡು ತಿಂಗಳ ಬಳಿಕ, ಅದೂ ಬೇರೆಯವರ ಬಾಯಿಂದ. ನಾವು ಗೌರವಿಸಿದ ದಿನವೇ ಅವರು ನಷ್ಟ ಅನುಭವಿಸಿದ್ದರು. ಆ ನೋವು ಈಗಲೂ ನನ್ನಲ್ಲಿದೆ. ಮರುವರ್ಷದಿಂದ ನಮ್ಮ ಅಂದಾಜು ಪತ್ರದ ಮೊದಲ ಸಾಲಿನಲ್ಲಿ ಕಲಾವಿದರ ಸಂಭಾವನೆಯನ್ನು ಬರೆಯತೊಡಗಿದೆವು. ಮೊದಲೆಲ್ಲ ಅದು ಕೊನೆಯ ಸಾಲಾಗಿದ್ದು, ಉಳಿದದ್ದನ್ನು ಹಂಚುವ ಪದ್ಧತಿಯಿತ್ತು.

ಸಂಭಾವನೆಯನ್ನು ಮುಂಚಿತವಾಗಿ ಮಾತನಾಡಿ, ಬರಹದಲ್ಲಿ ಕೊಟ್ಟು, ಪ್ರದರ್ಶನದ ದಿನವೇ ಬ್ಯಾಂಕಿನ ಮೂಲಕ ಪಾವತಿ ಮಾಡಬೇಕು. ಚೌಕಿಯಲ್ಲಿ (ವೇಷ ಧರಿಸುವ ಕೋಣೆಯಲ್ಲಿ) ಬಣ್ಣ ಹಚ್ಚುವವರು, ವೇಷ ಕಟ್ಟುವವರು, ಪೆಟ್ಟಿಗೆ ಹೊರುವವರು ಇವರೆಲ್ಲರ ಹೆಸರೂ ಆ ಪಟ್ಟಿಯಲ್ಲಿರಲಿ. ಹವ್ಯಾಸಿ ಎಂಬ ಪದವನ್ನು ನಾವು ಅನೇಕ ಸಲ ಉಚಿತ ಎಂಬ ಅರ್ಥದಲ್ಲಿ ಬಳಸುತ್ತೇವೆ. ಹವ್ಯಾಸಿ ಕಲಾವಿದನ ಹೊಟ್ಟೆಪಾಡು ಬೇರೆ ಕಡೆ ನಡೆಯುತ್ತದೆ ಎಂಬುದು ನಿಜ. ಆದರೆ ಪ್ರಯಾಣ, ಬಿಟ್ಟ ಪಾಳಿ, ತಿಂಗಳುಗಟ್ಟಲೆಯ ಅಭ್ಯಾಸ ಇವುಗಳಿಗೆ ಬೆಲೆಯಿಲ್ಲವೆಂದು ಅದರ ಅರ್ಥವಲ್ಲ.

ತರಗತಿಯೇ ಆಧಾರಸ್ತಂಭ

ವರ್ಷಕ್ಕೊಂದು ದೊಡ್ಡ ಪ್ರದರ್ಶನದಿಂದ ಯಾರ ಮನೆಯ ಒಲೆಯೂ ಉರಿಯುವುದಿಲ್ಲ. ಪ್ರತಿ ವಾರ ನಡೆಯುವ ತರಗತಿ ಉರಿಸುತ್ತದೆ. ಪ್ರದರ್ಶನದ ಆದಾಯವನ್ನು ನೋಡಿ: 200 ರೂಪಾಯಿಯ 220 ಟಿಕೆಟುಗಳಿಂದ 44,000, ಸ್ಮರಣ ಸಂಚಿಕೆಯ ಜಾಹೀರಾತಿನಿಂದ 20,000, ಸಭಾಗೃಹದ ಹೊರಗೆ ಹಾಕಿದ ಎಂಟು ಮಳಿಗೆಗಳಿಂದ ತಲಾ 500ರಂತೆ 4,000, ಒಟ್ಟು 68,000. ಮೇಲಿನ 80,000ಕ್ಕೆ ಇನ್ನೂ 12,000 ಕೊರತೆ. ಈಗ 25 ಮಕ್ಕಳ ತರಗತಿಯೊಂದನ್ನು ತಿಂಗಳಿಗೆ 600 ರೂಪಾಯಿ ಶುಲ್ಕದಲ್ಲಿ ನಡೆಸಿದರೆ 15,000 ಬರುತ್ತದೆ. ಗುರುಗಳಿಗೆ 10,000, ಕೊಠಡಿಗೆ 3,000 ಕಳೆದು 2,000 ಉಳಿದರೆ, ಹತ್ತು ತಿಂಗಳಿಗೆ 20,000. ಪ್ರದರ್ಶನದ ಕೊರತೆ ತುಂಬಿ, 8,000 ವೇಷಭೂಷಣದ ದುರಸ್ತಿಗೆ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಬ್ಬ ಗುರುವಿಗೆ ವರ್ಷದ ಹತ್ತು ತಿಂಗಳು ನಿಶ್ಚಿತ ವರಮಾನ ಸಿಗುತ್ತದೆ. ಶುಲ್ಕ ಕೊಡಲಾಗದ ಮನೆಯ ಮಗುವನ್ನು ಕಳುಹಿಸಿಬಿಡಬಾರದು. ಅಂತಹ ಮಗುವಿನ ಶುಲ್ಕವನ್ನು ಹೊರಲು ದಾನಿಯೊಬ್ಬರನ್ನು ಕೇಳಿದರೆ ಅವರು ಸಂತೋಷದಿಂದ ಒಪ್ಪುತ್ತಾರೆ, ಏಕೆಂದರೆ ತಮ್ಮ ಹಣದಿಂದ ಏನಾಯಿತು ಎಂಬುದನ್ನು ಅವರು ರಂಗದ ಮೇಲೆ ಕಣ್ಣಾರೆ ಕಾಣುತ್ತಾರೆ.

ತರಗತಿಯಲ್ಲಿ ಕುಣಿತವನ್ನು ಮಾತ್ರ ಕಲಿಸಿದರೆ ಸಾಲದು. ಹಿಮ್ಮೇಳಕ್ಕೆ ಮಂದಿ ಸಿಗುವುದೇ ಕಷ್ಟ. ಭಾಗವತಿಕೆ (ಹಾಡುಗಾರಿಕೆ), ಮದ್ದಳೆ, ಚೆಂಡೆ ಕಲಿತವರಿಗೆ ನಗರದ ಎಲ್ಲ ಸಂಘಗಳಿಂದಲೂ ಕರೆ ಬರುತ್ತದೆ. ಬಣ್ಣಗಾರಿಕೆಯೂ ಹಾಗೆಯೇ. ಕಿರೀಟ, ಭುಜಕೀರ್ತಿ, ಎದೆಪದಕಗಳ ತಯಾರಿಕೆಯನ್ನು ಬಡಾವಣೆಯ ಮರಗೆಲಸದವರಿಗೂ ದರ್ಜಿಗಳಿಗೂ ಕಲಿಸಲು ಊರಿನಿಂದ ಅನುಭವಿಗಳನ್ನು ಹದಿನೈದು ದಿನ ಕರೆಸುವ ಖರ್ಚು, ಒಂದು ವರ್ಷ ವೇಷಭೂಷಣ ತರಿಸುವ ಖರ್ಚಿಗಿಂತ ಹೆಚ್ಚಾಗುವುದಿಲ್ಲ ಎಂಬುದು ನಮ್ಮ ಅನುಭವ. ಒಂದು ಜೊತೆ ಸಿದ್ಧವಾದರೆ, ನೆರೆಯ ಸಂಘಗಳಿಗೆ ಬಾಡಿಗೆಗೆ ಕೊಡಬಹುದು.

ಗುರುಗಳನ್ನು ಯಾವಾಗ ಕರೆಸಬೇಕೆಂಬುದಕ್ಕೆ ನಮ್ಮ ಪಂಚಾಂಗವೇ ಉತ್ತರ ಹೇಳುತ್ತದೆ. ಮೇಳಗಳ ತಿರುಗಾಟ ಮೇ ತಿಂಗಳ ಕೊನೆಯಲ್ಲಿ ಬರುವ, ತುಳುನಾಡಿನ ಪತ್ತನಾಜೆ ಎಂಬ ದಿನಕ್ಕೆ ಮುಗಿದು, ದೀಪಾವಳಿಯ ಬಳಿಕ ಮತ್ತೆ ಆರಂಭವಾಗುತ್ತದೆ. ಮಳೆಗಾಲದಲ್ಲಿ ಕಲಾವಿದರಿಗೆ ವರಮಾನ ಕುಗ್ಗಿರುತ್ತದೆ. ಮುಂಬೈಯ ಪ್ರೇಕ್ಷಕರು ಸಭಾಗೃಹದೊಳಗಿನ ಆಟಕ್ಕೆ (ಯಕ್ಷಗಾನ ಪ್ರದರ್ಶನಕ್ಕೆ) ಕಾದಿರುತ್ತಾರೆ. ಜೂನ್‌ನಿಂದ ಆಗಸ್ಟ್ ವರೆಗಿನ ಈ ಅವಧಿಯಲ್ಲಿ ಪ್ರದರ್ಶನಕ್ಕೆ ಬಂದ ಹಿರಿಯ ಕಲಾವಿದರನ್ನು ಒಂದು ವಾರ ಹೆಚ್ಚು ಉಳಿಸಿಕೊಂಡು ಕಮ್ಮಟ ನಡೆಸಿದರೆ ಇಬ್ಬರಿಗೂ ಲಾಭ. ರೈಲಿನ ಖರ್ಚು ಒಂದೇ ಸಲ.

ಯಕ್ಷಗಾನ ಮಾತ್ರವಲ್ಲ

ಕರಾವಳಿಯವರಾದ ನಾವು ಮುಂಬೈ ಕನ್ನಡ ಸಂಸ್ಕೃತಿ ಎಂದರೆ ಯಕ್ಷಗಾನ ಎಂದೇ ಭಾವಿಸಿಬಿಡುತ್ತೇವೆ. ಕಟ್ಟಡ ಕಾಮಗಾರಿಗೆಂದು ಬಂದು ನೆಲೆಸಿದ ಕಲಬುರಗಿ, ವಿಜಯಪುರ, ಬಾಗಲಕೋಟೆ ಕಡೆಯ ಕುಟುಂಬಗಳು ನಮ್ಮ ಸಂಘಗಳ ಹೊಸ್ತಿಲು ತುಳಿಯುವುದೇ ಅಪರೂಪ, ಮತ್ತು ಅದರ ಹೊಣೆ ನಮ್ಮದು. ಆ ಮನೆಗಳ ಹೆಣ್ಣುಮಕ್ಕಳು ಹಳೆಯ ಸೀರೆಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿಯುವ ಕೌದಿ, ಧಾರವಾಡ ಭಾಗದ ಕಸೂತಿಯ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆ ಇವು ನೇರವಾಗಿ ಮಾರುಕಟ್ಟೆಗೆ ಹೋಗಬಲ್ಲ ವಿದ್ಯೆಗಳು. ಪ್ರದರ್ಶನಕ್ಕೆ ಟಿಕೆಟು ಕೊಳ್ಳುವ ಪ್ರೇಕ್ಷಕರೇ ಇವುಗಳ ಮೊದಲ ಗ್ರಾಹಕರಾಗಬಹುದು. ಕಸೂತಿಗೆ ಭೌಗೋಳಿಕ ಸೂಚಕದ (ನಿರ್ದಿಷ್ಟ ಪ್ರದೇಶದ ಉತ್ಪನ್ನವೆಂಬ ಕಾನೂನುಬದ್ಧ ಗುರುತಿನ) ಮಾನ್ಯತೆ ಇರುವುದರಿಂದ ಒಂದು ಎಚ್ಚರಿಕೆ ಅಗತ್ಯ: ಯಂತ್ರದ ಹೊಲಿಗೆಯನ್ನು ಕಸೂತಿ ಎಂದು ಮಾರುವುದು ತಪ್ಪು, ಮುಂಬೈಯಲ್ಲಿ ತಯಾರಾದದ್ದಕ್ಕೆ ಆ ಸೂಚಕದ ಗುರುತನ್ನು ಅಧಿಕಾರವಿಲ್ಲದೆ ಅಂಟಿಸುವುದೂ ತಪ್ಪು. ಕೈಹೊಲಿಗೆ ಎಂದು ನಿಜವನ್ನೇ ಬರೆದು, ಹೊಲಿದವರ ಊರನ್ನೂ ತಗಲಿದ ದಿನಗಳನ್ನೂ ಚೀಟಿಯಲ್ಲಿ ತಿಳಿಸಿದರೆ ಕೊಳ್ಳುವವರು ಬೆಲೆಯ ಬಗ್ಗೆ ತಕರಾರು ಮಾಡುವುದಿಲ್ಲ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಗಳು, ಹೂಮಾಲೆ ಕಟ್ಟುವವರು, ಗೊಂಬೆ ಹಾಗೂ ಆಟಿಕೆ ತಯಾರಿಸುವವರು ಸೇರಿದ್ದಾರೆ. ಉಪಕರಣಗಳಿಗೆ 15,000 ರೂಪಾಯಿವರೆಗಿನ ನೆರವು, ಅಡಮಾನವಿಲ್ಲದೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಬಳಿಕ 2 ಲಕ್ಷದವರೆಗೆ ಶೇಕಡಾ 5ರ ಬಡ್ಡಿಯ ಸಾಲ ಇದರಲ್ಲಿದೆ. ವೇಷಭೂಷಣ ಹೊಲಿಯುವ ದರ್ಜಿಗೂ, ಪ್ರದರ್ಶನಕ್ಕೆ ಹೂವಿನ ಅಲಂಕಾರ ಮಾಡುವವರಿಗೂ ಅರ್ಜಿ ತುಂಬಿಸಿಕೊಡುವುದು ಸಂಘದ ಕಾರ್ಯದರ್ಶಿ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸಗಳಲ್ಲಿ ಒಂದು.

ಸುತ್ತಲಿನವರಿಂದ ಕಲಿಯಬೇಕಾದದ್ದು

ಪುಣೆಯ ಸವಾಯಿ ಗಂಧರ್ವ ಸಂಗೀತೋತ್ಸವವನ್ನು ನೋಡಿ. ಗದಗದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗೆ 1953ರಲ್ಲಿ ಅದನ್ನು ಆರಂಭಿಸಿದರು. ಪ್ರತಿ ಡಿಸೆಂಬರಿನಲ್ಲಿ ಅದು ನಡೆಯುತ್ತದೆ ಎಂಬ ಭರವಸೆ ಬೆಳೆದದ್ದರಿಂದಲೇ ಕೇಳುಗರು ರಜೆ ಹೊಂದಿಸಿಕೊಂಡು ಬರುತ್ತಾರೆ, ಮಳಿಗೆ ಹಾಕುವವರು ಸರಕು ಸಿದ್ಧಪಡಿಸುತ್ತಾರೆ. ಸಭಾಗೃಹ ಸಿಕ್ಕ ದಿನ, ಅತಿಥಿಗಳಿಗೆ ಬಿಡುವಾದ ದಿನ ಎಂದು ಪ್ರತಿ ವರ್ಷ ದಿನಾಂಕ ಬದಲಾಯಿಸುವ ನಮ್ಮ ರೂಢಿ ಸಣ್ಣ ವ್ಯಾಪಾರಿಗೆ ಆಗುವುದಿಲ್ಲ.

ಜುಹುವಿನ ಪೃಥ್ವಿ ಥಿಯೇಟರ್ 1978ರಿಂದ ಸುಮಾರು 200 ಆಸನಗಳ ರಂಗದಲ್ಲಿ ನಾಟಕಗಳನ್ನು ನಡೆಸಿಕೊಂಡು ಬಂದಿದೆ. ಸಾವಿರ ಆಸನದ ಸಭಾಗೃಹವನ್ನು ಒಂದು ದಿನ ಅರ್ಧ ತುಂಬಿಸುವುದಕ್ಕಿಂತ ಚಿಕ್ಕ ಜಾಗದಲ್ಲಿ ಐದು ಸಲ ಆಡುವುದರಿಂದ ಕಲಾವಿದರಿಗೆ ಐದು ದಿನದ ಸಂಭಾವನೆ ದೊರೆಯುತ್ತದೆ. ತಾಳಮದ್ದಳೆಗಂತೂ ದೊಡ್ಡ ಸಭಾಗೃಹದ ಅಗತ್ಯವೇ ಇಲ್ಲ. ವೇಷವಿಲ್ಲ, ಬೆಳಕಿಲ್ಲ, ಮಾತಿನ ಮೇಲೆಯೇ ನಿಂತ ಕಲೆ. ಹೌಸಿಂಗ್ ಸೊಸೈಟಿಯ ಸಭಾಂಗಣ ಸಾಕು. 1999ರಲ್ಲಿ ಆರಂಭವಾದ ಕಾಲಾ ಘೋಡಾ ಕಲೋತ್ಸವದಿಂದ ಬಂದ ಹಣ ಆ ಪ್ರದೇಶದ ಹಳೆಯ ಕಟ್ಟಡಗಳ ಸಂರಕ್ಷಣೆಗೆ ಬಳಕೆಯಾಗುತ್ತದೆ. ನಿಮ್ಮ ಉತ್ಸವದ ಉಳಿತಾಯವೂ ನೀವು ಬಳಸುವ ಶಾಲೆಯ ಸಭಾಂಗಣದ ಬಣ್ಣಕ್ಕೋ ಫ್ಯಾನುಗಳಿಗೋ ಹೋದರೆ ಮರುವರ್ಷ ಆ ಜಾಗ ನಿಮಗೆ ಸುಲಭವಾಗಿ ಸಿಗುತ್ತದೆ.

ಕಾನೂನಿನ ಮಾತು

ಇದು ಬೇಸರದ ಭಾಗ, ಆದರೆ ಸಂಘಗಳು ಎಡವುವುದು ಇಲ್ಲೇ. 1860ರ ಸೊಸೈಟಿಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಸದಸ್ಯರು ಬೇಕು. ಮಹಾರಾಷ್ಟ್ರದಲ್ಲಿ ಅದರ ಜೊತೆಗೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ಚಾರಿಟಿ ಕಮಿಷನರ್ ಕಚೇರಿಯಲ್ಲೂ ನೋಂದಣಿಯಾಗಬೇಕು. 80ಜಿ ಎಂದು ರೂಢಿಯಲ್ಲಿರುವ ತೆರಿಗೆ ವಿನಾಯಿತಿಯ ಮಾನ್ಯತೆಯಿದ್ದರೆ ದಾನಿಗಳಿಗೆ ಅನುಕೂಲ, ಆದರೆ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಅದು ಅನ್ವಯಿಸುವುದಿಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಗೆ ಸಾಂಪ್ರದಾಯಿಕ ಕಲೆ ಮತ್ತು ಕರಕುಶಲದ ಅಭಿವೃದ್ಧಿ ಅರ್ಹ ವಿಷಯವೇ ಆಗಿದೆ. ಕೇಳಲು ಹೋಗುವಾಗ ಸ್ಮರಣ ಸಂಚಿಕೆಯ ಬದಲು ಮೇಲೆ ಹೇಳಿದ ಹಣದ ಜಾಡಿನ ಪಟ್ಟಿಯನ್ನು ಒಯ್ಯಿರಿ.

ಜಾನಪದ ಅಥವಾ ಶಾಸ್ತ್ರೀಯ ನೃತ್ಯ, ಸಂಗೀತ, ರಂಗಕಲೆಯ ಕಲಾವಿದರಿಗೆ ಒಂದು ಪ್ರದರ್ಶನಕ್ಕೆ 1.5 ಲಕ್ಷ ರೂಪಾಯಿವರೆಗಿನ ಸಂಭಾವನೆಗೆ ಜಿಎಸ್‌ಟಿ ವಿನಾಯಿತಿ ಇದೆ. ತಲಾ 500 ರೂಪಾಯಿ ಮೀರದ ನಾಟಕ ಮತ್ತು ನೃತ್ಯ ಪ್ರದರ್ಶನದ ಟಿಕೆಟಿಗೂ ಇದೆ. ಹಾಗಾಗಿ ತೆರಿಗೆಗೆ ಹೆದರಿ ಟಿಕೆಟು ಬೇಡವೆನ್ನುವವರಿಗೆ ಕಾರಣವಿಲ್ಲ. ಒಂದು ಸೂಕ್ಷ್ಮ ಮಾತ್ರ ಗಮನಿಸಬೇಕು: ಸಾರ್ವಜನಿಕ ಉಪಯುಕ್ತತೆಯ ಉದ್ದೇಶದ ಟ್ರಸ್ಟ್ ವ್ಯಾಪಾರ ಸ್ವರೂಪದ ಚಟುವಟಿಕೆಯಿಂದ ಪಡೆಯುವ ಹಣ ಒಟ್ಟು ಸ್ವೀಕೃತಿಯ ಶೇಕಡಾ 20ನ್ನು ಮೀರಿದರೆ ಆದಾಯ ತೆರಿಗೆಯ ವಿನಾಯಿತಿಗೆ ಧಕ್ಕೆ ಬರುತ್ತದೆ. ಆದ್ದರಿಂದ ಕೌದಿಯ ಮಾರಾಟ, ವೇಷಭೂಷಣದ ಬಾಡಿಗೆ, ತಿಂಡಿಯ ಮಳಿಗೆ ಇವನ್ನು ಸಂಘದ ಹೆಸರಿನಲ್ಲಿ ನಡೆಸಬೇಡಿ. 10ರಿಂದ 20 ಮಂದಿಯ ಸ್ವಸಹಾಯ ಗುಂಪೋ ಪಾಲುದಾರಿಕೆಯೋ ಆಗಿ ದುಡಿಯುವವರೇ ಅದನ್ನು ನಡೆಸಲಿ, ಲಾಭ ಅವರದೇ ಆಗಿರಲಿ. ತಿಂಡಿ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಲಿ. ಸಂಘ ಜಾಗವನ್ನೂ ಗ್ರಾಹಕರನ್ನೂ ಒದಗಿಸಿ ಪಕ್ಕಕ್ಕೆ ಸರಿಯಬೇಕು. ಹೀಗೆ ಸರಿಯುವುದು ನಮ್ಮಂಥ ಪದಾಧಿಕಾರಿಗಳಿಗೆ ಸುಲಭವಲ್ಲವೆಂದು ನನಗೆ ಗೊತ್ತು.

ತೆರೆದ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಮುಚ್ಚಿದ ಸಭಾಗೃಹಕ್ಕೆ ಈ ನಿರ್ಬಂಧ ಅನ್ವಯಿಸದಿದ್ದರೂ ಕೊನೆಯ ಲೋಕಲ್ ರೈಲಿನ ನಿರ್ಬಂಧ ಎಲ್ಲರಿಗೂ ಇದೆ. ಸಂಜೆ 5ಕ್ಕೆ ಚೌಕಿಪೂಜೆ, 6ಕ್ಕೆ ಆಟ, 9ಕ್ಕೆ ಮಂಗಳ ಎಂದು ನಿಗದಿಪಡಿಸಿದರೆ ವಸಯಿ, ಕಲ್ಯಾಣದ ಕಡೆಯ ಕುಟುಂಬಗಳೂ ಬರುತ್ತವೆ. ಈ ಮೂರು ಗಂಟೆಯಲ್ಲಿ ಸಭಾ ಕಾರ್ಯಕ್ರಮಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಟಿಕೆಟು ಕೊಂಡವರು ಬಂದದ್ದು ಆಟಕ್ಕೆ. ಹಳೆಯ ಪ್ರಸಂಗಗಳಿಗೆ (ಆಟಕ್ಕಾಗಿ ಬರೆದ ಪದ್ಯಕೃತಿಗಳಿಗೆ) ಹಕ್ಕುಸ್ವಾಮ್ಯದ ತೊಡಕಿಲ್ಲ, ಆದರೆ ಕವಿ ತೀರಿಕೊಂಡು 60 ವರ್ಷ ಕಳೆಯದ ಪ್ರಸಂಗಕ್ಕೆ ಅನುಮತಿ ಪಡೆದು, ಪ್ರಸಂಗಕರ್ತರಿಗೂ ಸಂಭಾವನೆ ಸಲ್ಲಿಸಬೇಕು.

ಹೊಸದಾಗಿ ಆರಂಭಿಸುವವರು ಮೊದಲ ವರ್ಷ ತರಗತಿಯೊಂದನ್ನೂ ಎರಡು ತಾಳಮದ್ದಳೆಗಳನ್ನೂ ಮಾತ್ರ ಇಟ್ಟುಕೊಳ್ಳಿ. ಆಟವನ್ನು ಎರಡನೆಯ ವರ್ಷಕ್ಕೆ ಬಿಡಿ. ಮಳೆಗಾಲದ ಭಾನುವಾರಗಳಿಗೆ ಸಭಾಗೃಹಗಳು ಬೇಗ ಭರ್ತಿಯಾಗುವುದರಿಂದ ಜನವರಿಯಲ್ಲೇ ಮುಂಗಡ ಕೊಟ್ಟು, ಅವರು ಕೇಳುವ ಕಾಗದಪತ್ರಗಳ ಪಟ್ಟಿಯನ್ನು ಅದೇ ದಿನ ಬರೆಸಿಕೊಂಡು ಬನ್ನಿ. ವಾರ್ಷಿಕ ಮಹಾಸಭೆಯಲ್ಲಿ ಜಮಾಖರ್ಚಿನ ಜೊತೆಗೆ ಹಣದ ಜಾಡಿನ ಪಟ್ಟಿಯನ್ನೂ ಓದಿರಿ: ಎಷ್ಟು ಮನೆಗಳಿಗೆ ಎಷ್ಟು ಸಂದಾಯವಾಯಿತು, ಹೋದ ವರ್ಷ ಎಷ್ಟಿತ್ತು, ಯಾವ ಕೆಲಸಕ್ಕೆ ಇನ್ನೂ ಹೊರಗಿನವರನ್ನು ಕರೆಯುತ್ತಿದ್ದೇವೆ. ನಮ್ಮಲ್ಲಿ ಆ ಕೊನೆಯ ಸಾಲಿನಲ್ಲಿ ಈಗ ಉಳಿದಿರುವುದು ಕಿರೀಟದ ಕೆಲಸ. ಅದಕ್ಕಾಗಿ ಬರುವ ಜುಲೈಯಲ್ಲಿ ಹದಿನೈದು ದಿನದ ಕಮ್ಮಟವಿದೆ.